ಜುವಾರಿಯ ನೀರಿಗೆ ಯಾವ ಫ್ಯಾನ್? ಔಟ್‌ಬೋರ್ಡ್ ಪ್ರೊಪೆಲ್ಲರ್ ಆರಿಸುವ ಮುನ್ನ

ಗೋವಾದ ವಾಸ್ಕೋದಲ್ಲಿ ಕೆಲಸಕ್ಕಿರುವ ನಮ್ಮಂಥ ಕನ್ನಡದವರಲ್ಲಿ ಗಾಳದ ಹುಚ್ಚು ಹಿಡಿದವರು ಕಡಿಮೆಯೇನಲ್ಲ. ಭಾನುವಾರ ಬೆಳಕು ಹರಿಯುವ ಮೊದಲೇ ಜುವಾರಿ ನದಿಯಲ್ಲೋ ಚಿಕಾಲಿಂ ಕೊಲ್ಲಿಯಲ್ಲೋ ದೋಣಿ ಇಳಿಸಿರುತ್ತೇವೆ. ಬೇಕಾಗಿರುವುದು ಚೊಣಕ್ ಮೀನು. ಸಿಕ್ಕಿದರೆ ಪುಣ್ಯ, ಸಿಗದಿದ್ದರೆ ಚಹಾ ಕುಡಿದು ವಾಪಸ್. ಮಾತು ಮಾತ್ರ ಮೀನಿಗಿಂತ ಇಂಜಿನ್ ಬಗ್ಗೆಯೇ ಜಾಸ್ತಿ. ಅದರಲ್ಲೂ ಪ್ರೊಪೆಲ್ಲರ್ ಬಗ್ಗೆ. ನಮ್ಮ ಕರಾವಳಿಯಲ್ಲಿ ಅದನ್ನು ಫ್ಯಾನ್ ಅನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ನನ್ನದು 17 ಅಡಿಯ ಫೈಬರ್ ಬೋಟ್, 60 ಎಚ್‌ಪಿಯ ನಾಲ್ಕು ಸ್ಟ್ರೋಕ್ ಔಟ್‌ಬೋರ್ಡ್, ಅಂದರೆ ಬೋಟಿನ ಹಿಂಬದಿಗೆ ಹೊರಗೆ ಕೂರಿಸುವ ಇಂಜಿನ್. ಎರಡು ವರ್ಷದಲ್ಲಿ ಇದಕ್ಕೆ ಮೂರು ಫ್ಯಾನ್ ಹಾಕಿ ನೋಡಿದ್ದೇನೆ. ಅದರಲ್ಲಿ ಒಂದಕ್ಕೆ ಸುರಿದ ದುಡ್ಡು ಪೂರ್ತಿ ದಂಡ. ಅದೇ ಇಂಜಿನ್, ಅದೇ ಬೋಟ್, ಫ್ಯಾನ್ ಮಾತ್ರ ಬೇರೆ, ಆದರೂ ಮೂರು ಬೇರೆ ಬೇರೆ ದೋಣಿ ಓಡಿಸಿದ ಹಾಗಿತ್ತು.

ಮೊದಲೇ ಒಂದು ಮಾತು. ಫ್ಯಾನ್ ಟ್ಯೂನಿಂಗ್ ಬಗ್ಗೆ ಇಂಟರ್ನೆಟ್ಟಿನಲ್ಲಿ ಸಿಗುವ ಮಾಹಿತಿಯಲ್ಲಿ ಬಹುಪಾಲು ಅಮೆರಿಕದ ಬಾಸ್ ಬೋಟ್‌ಗಳದ್ದು, ಅಂದರೆ ಬಾಸ್ ಎಂಬ ಮೀನು ಹಿಡಿಯುವ ಬೋಟ್‌ಗಳದ್ದು. 18ರಿಂದ 21 ಅಡಿ ಉದ್ದ, 150ರಿಂದ 250 ಎಚ್‌ಪಿ ಇಂಜಿನ್, ತಗ್ಗಾದ ಡೆಕ್, ಮೀನು ಜೀವಂತ ಇಡಲು ನೀರಿನ ತೊಟ್ಟಿ. ದೊಡ್ಡ ಜಲಾಶಯದ ಸಿಹಿನೀರಿನಲ್ಲಿ, ಸ್ಪರ್ಧೆಯ ದಿನ ಎಲ್ಲರಿಗಿಂತ ಮೊದಲು ಒಳ್ಳೆಯ ಜಾಗ ಮುಟ್ಟಬೇಕು. ಅಲ್ಲಿ ಗಂಟೆಗೆ 3 ಕಿ.ಮೀ. ಹೆಚ್ಚು ಬಂದರೂ ಅದು ಲೆಕ್ಕಕ್ಕೆ ಬರುತ್ತದೆ. ನಮ್ಮ ಕಥೆ ಬೇರೆ. ಉಪ್ಪುನೀರು, ಸುಕತಿಯಲ್ಲಿ (ನೀರು ಇಳಿದಾಗ) ಮೇಲೇಳುವ ಮರಳು ದಿಬ್ಬ, ಕಲ್ವ (ಸಿಂಪಿ) ಹತ್ತಿದ ಬಂಡೆ, ನಡುನಡುವೆ ಬಲೆ ಕಟ್ಟಿದ ಗೂಟ, ಅದಿರಿನ ಬಾರ್ಜ್ ಹೋದಾಗ ಏಳುವ ಅಲೆ. ಅವರ ತತ್ವ ನಮಗೂ ಸರಿ. ಅವರ ಆಯ್ಕೆ ಮಾತ್ರ ನಮಗೆ ಆಗಿಬರುವುದಿಲ್ಲ.

ಮೊದಲು ಟ್ಯಾಕೋಮೀಟರ್, ಆಮೇಲೆ ಫ್ಯಾನ್

ಫ್ಯಾನಿನ ಮೇಲೆ ಎರಡು ಅಂಕಿ ಕೆತ್ತಿರುತ್ತಾರೆ. ಒಂದು ವ್ಯಾಸ, ಇನ್ನೊಂದು ಪಿಚ್, ಎರಡೂ ಇಂಚಿನಲ್ಲಿ. ಮರದ ಹಲಗೆಗೆ ಸ್ಕ್ರೂ ತಿರುಗಿಸಿದಾಗ ಒಂದು ಸುತ್ತಿಗೆ ಅದು ಎಷ್ಟು ಒಳಗೆ ಇಳಿಯುತ್ತದೆಯೋ ಅದು ಪಿಚ್. 13 ಪಿಚ್ ಎಂದರೆ ಒಂದು ಸುತ್ತಿಗೆ 13 ಇಂಚು ಮುಂದೆ. ಆದರೆ ನೀರು ಮರವಲ್ಲ, ಸ್ವಲ್ಪ ಜಾರುತ್ತದೆ. ಆ ಜಾರಿಕೆಗೆ ಸ್ಲಿಪ್ ಎಂದು ಹೆಸರು.

ಪಿಚ್ ಎಂದರೆ ಗೇರ್ ಇದ್ದ ಹಾಗೆ. ಅನಮೋಡ್ ಘಟ್ಟದಲ್ಲಿ ಲೋಡ್ ತುಂಬಿದ ಲಾರಿಯನ್ನು ಟಾಪ್ ಗೇರಿನಲ್ಲಿ ಹತ್ತಿಸಲು ಹೋದರೆ ಏನಾಗುತ್ತದೆ? ಹೆಚ್ಚು ಪಿಚ್‌ನ ಫ್ಯಾನ್ ಹಾಕಿ ನಾಲ್ಕು ಜನ ಕೂತರೆ ಅದೇ ಆಗುತ್ತದೆ. ಇಂಜಿನ್ ಒದ್ದಾಡುತ್ತದೆ, ಬಿಸಿಯಾಗುತ್ತದೆ, ಒಳಗೆ ಕಾರ್ಬನ್ ಕಟ್ಟುತ್ತದೆ. ಪಿಚ್ ತೀರಾ ಕಡಿಮೆಯಾದರೆ ಇಂಜಿನ್ ಸುಮ್ನೆ ಕಿರುಚುತ್ತದೆ, ಬೋಟ್ ಓಡುವುದಿಲ್ಲ.

ಪ್ರತಿ ಇಂಜಿನ್ನಿನ ಪುಸ್ತಕದಲ್ಲೂ ಪೂರ್ತಿ ಥ್ರಾಟಲ್ ಕೊಟ್ಟಾಗ ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) ಎಲ್ಲಿಂದ ಎಲ್ಲಿಯವರೆಗೆ ಇರಬೇಕು ಎಂದು ಬರೆದಿರುತ್ತದೆ. ನನ್ನ ಇಂಜಿನ್ನಿಗೆ ಅದು 5000ದಿಂದ 6000. ನಿಮ್ಮ ಮಾಮೂಲಿ ಹೊರೆಯಲ್ಲಿ ಇಂಜಿನ್ ಈ ಗೆರೆಯೊಳಗೆ, ಅದರಲ್ಲೂ ಮೇಲಿನ ಅರ್ಧದಲ್ಲಿ ತಿರುಗಿದರೆ ಫ್ಯಾನ್ ಸರಿಯಾಗಿದೆ ಎಂದರ್ಥ. ಪಿಚ್ ಒಂದು ಇಂಚು ಇಳಿಸಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ. ಒಂದು ಇಂಚು ಏರಿಸಿದರೆ ಅಷ್ಟೇ ಇಳಿಯುತ್ತದೆ. ಬೇರೆ ಏನು ಮರೆತರೂ ಈ ಲೆಕ್ಕ ಮರೆಯಬೇಡಿ.

ಗೋವಾದಲ್ಲಿ ನಾನು ನೋಡಿದ ಸಣ್ಣ ಬೋಟ್‌ಗಳಲ್ಲಿ ಬಹಳಷ್ಟಕ್ಕೆ ಆರ್‌ಪಿಎಂ ತೋರಿಸುವ ಟ್ಯಾಕೋಮೀಟರೇ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನುವ ಹಾಗೆ, ಮೀಟರ್ ಇಲ್ಲದ ಇಂಜಿನ್ನಿಗೆ ಸ್ಟೀಲ್ ಫ್ಯಾನ್ ಹಾಕಿಸಿದವರನ್ನು ನಾನು ಬಲ್ಲೆ. ಒಬ್ಬ ನಾನೇ. ಸ್ಪಾರ್ಕ್ ಪ್ಲಗ್ ವೈರಿಗೆ ಸುತ್ತುವ ಪುಟ್ಟ ಡಿಜಿಟಲ್ ಮೀಟರ್ ಸಿಗುತ್ತದೆ, ದುಬಾರಿಯಲ್ಲ. ವೇಗಕ್ಕೆ ಮೊಬೈಲಿನ ಜಿಪಿಎಸ್ ಸಾಕು. ಅಳೆಯುವಾಗ ಮಾತ್ರ ನೀರಿನ ಜೊತೆಗೆ ಒಂದು ಸಲ, ನೀರಿಗೆ ಎದುರಾಗಿ ಒಂದು ಸಲ ಓಡಿಸಿ ಸರಾಸರಿ ತೆಗೆಯಬೇಕು. ಜುವಾರಿಯಲ್ಲಿ ಸುಕತಿಯ ಎಳೆತ ಜೋರಾಗಿದ್ದಾಗ ಒಂದೇ ದಿಕ್ಕಿನಲ್ಲಿ ಅಳೆದು 'ನನ್ನ ಬೋಟ್ ಇಷ್ಟು ಓಡುತ್ತೆ ಮಾರಾಯ' ಎಂದು ಹೇಳಿಕೊಂಡು ತಿರುಗುವವರು ಬೇಕಾದಷ್ಟಿದ್ದಾರೆ.

ಸ್ಲಿಪ್ ಲೆಕ್ಕ ಹಾಕುವುದು ಸುಲಭ. ಆರ್‌ಪಿಎಂ ಅನ್ನು ಪಿಚ್‌ನಿಂದ ಗುಣಿಸಿ. ಬಂದದ್ದನ್ನು ಗೇರ್ ಅನುಪಾತದಿಂದ (ಫ್ಯಾನ್ ಒಂದು ಸುತ್ತು ತಿರುಗಲು ಇಂಜಿನ್ ತಿರುಗುವ ಸುತ್ತು) ಭಾಗಿಸಿ, ಮತ್ತೆ 656ರಿಂದ ಭಾಗಿಸಿ. ಇದು ಜಾರಿಕೆಯೇ ಇಲ್ಲದಿದ್ದರೆ ಬರಬೇಕಾದ ವೇಗ, ಗಂಟೆಗೆ ಕಿ.ಮೀ. ಲೆಕ್ಕದಲ್ಲಿ. ಜಿಪಿಎಸ್ ಇದಕ್ಕಿಂತ ಶೇಕಡಾ ಎಷ್ಟು ಕಡಿಮೆ ತೋರಿಸುತ್ತದೆಯೋ ಅದು ಸ್ಲಿಪ್. ನಮ್ಮಂಥ ಬೋಟ್‌ಗೆ ಶೇ. 10ರಿಂದ 15 ಸ್ಲಿಪ್ ಸಹಜ. ಚೆನ್ನಾಗಿ ಟ್ಯೂನ್ ಮಾಡಿದ ಬಾಸ್ ಬೋಟ್‌ನಲ್ಲಿ ಅದು ಶೇ. 10ಕ್ಕಿಂತ ಕೆಳಗೂ ಇಳಿಯುತ್ತದೆ. 20 ದಾಟಿದರೆ ಎಲ್ಲೋ ಏನೋ ತಪ್ಪಾಗಿದೆ.

ನನ್ನ ಮೂರು ಫ್ಯಾನ್‌ಗಳ ಜಾತಕ

ಮೊದಲನೆಯದು ಇಂಜಿನ್ ಜೊತೆಗೇ ಬಂದ ಮೂರು ರೆಕ್ಕೆಯ ಅಲ್ಯೂಮಿನಿಯಂ ಫ್ಯಾನ್, 13 ಪಿಚ್. ಒಬ್ಬನೇ ಹೋದರೆ 5700 ಆರ್‌ಪಿಎಂ, 53 ಕಿ.ಮೀ. ಮೂರು ಜನ, ಐಸ್ ಪೆಟ್ಟಿಗೆ, ಎರಡು ಬ್ಯಾಟರಿ ಸೇರಿದರೆ 5200, 47 ಕಿ.ಮೀ. ನನ್ನ ಗೇರ್ ಅನುಪಾತ 1.85. ಲೆಕ್ಕ ಹಾಕಿದರೆ 55.7 ಬರಬೇಕಿತ್ತು, ಅಂದರೆ ಸುಮಾರು ಶೇ. 16 ಸ್ಲಿಪ್. ಬೋಟ್ ನೀರು ಸೀಳುವುದು ಬಿಟ್ಟು ನೀರಿನ ಮೇಲೆ ಎದ್ದು ಜಾರಲು ಎಂಟು ಸೆಕೆಂಡ್. ದೂರುವಂಥದ್ದೇನೂ ಇರಲಿಲ್ಲ. ಆದರೂ ಕೈ ಸುಮ್ಮನಿರಬೇಕಲ್ಲ.

ಎರಡನೆಯದು ಆ ದಂಡದ ಬಾಬ್ತು. ಮೂರು ರೆಕ್ಕೆಯ ಸ್ಟೇನ್‌ಲೆಸ್ ಸ್ಟೀಲ್, 15 ಪಿಚ್. ಮಾರಿದವರು 'ಸ್ಪೀಡ್ ಬರುತ್ತೆ ಸರ್' ಎಂದರು. ಎಷ್ಟು ಜನ ಕೂರುತ್ತೀರಿ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೂರು ಜನ ಕೂತು ಥ್ರಾಟಲ್ ಪೂರ್ತಿ ಕೊಟ್ಟರೂ ಆರ್‌ಪಿಎಂ 4700 ದಾಟಲಿಲ್ಲ. ವೇಗ 46, ಅಂದರೆ ಮೊದಲಿಗಿಂತ ಒಂದು ಕಿ.ಮೀ. ಕಡಿಮೆ! ಸ್ಲಿಪ್ ಶೇ. 21ರ ಹತ್ತಿರ. ಮೇಲೆ ಏಳಲು 14 ಸೆಕೆಂಡ್. ಅಷ್ಟು ಹೊತ್ತು ಬೋಟಿನ ಮೂತಿ ಆಕಾಶ ನೋಡುತ್ತಿರುತ್ತಿತ್ತು, ಮುಂದೆ ಏನಿದೆ ಎಂದು ಕಾಣುತ್ತಿರಲಿಲ್ಲ. ಪೆಟ್ರೋಲ್ ಬೇರೆ ಜಾಸ್ತಿ ಕುಡಿಯಿತು. ಕೊನೆಗೆ ಕಾರವಾರದ ಗೆಳೆಯನಿಗೆ ಅರ್ಧ ಬೆಲೆಗೆ ಕೊಟ್ಟೆ. ಅವನದು ಇದೇ ಇಂಜಿನ್, ಆದರೆ ಹಗುರವಾದ 15 ಅಡಿಯ ಬೋಟ್, ಒಬ್ಬನೇ ಹೋಗುತ್ತಾನೆ. ಅಲ್ಲಿ ಅದೇ ಫ್ಯಾನ್ 5500 ತಿರುಗುತ್ತಿದೆ. ಅವನು ನನಗೆ ಫೋನ್ ಮಾಡಿ ಹೊಗಳುತ್ತಾನೆ. ಏನು ಹೇಳಲಿ ಹೇಳಿ.

ಮೂರನೆಯದು ನಾಲ್ಕು ರೆಕ್ಕೆಯ ಅಲ್ಯೂಮಿನಿಯಂ, 12 ಪಿಚ್. ಮೂರು ಜನರ ಹೊರೆಯಲ್ಲಿ 5300 ಆರ್‌ಪಿಎಂ, ವೇಗ 45.5. ಸ್ಲಿಪ್ ಶೇ. 13. ಆರೇ ಸೆಕೆಂಡಿನಲ್ಲಿ ಮೇಲೆ ಏಳುತ್ತದೆ. ಎಲ್ಲಕ್ಕಿಂತ ಖುಷಿಯ ವಿಷಯ, ವೇಗ 20 ಕಿ.ಮೀ.ಗೆ ಇಳಿಸಿದರೂ ಬೋಟ್ ನೀರಿನ ಮೇಲೇ ನಿಲ್ಲುತ್ತದೆ. ಮೊದಲಿನ ಫ್ಯಾನಿನಲ್ಲಿ 24ರ ಕೆಳಗೆ ಹಿಂಭಾಗ ಕುಸಿದುಬಿಡುತ್ತಿತ್ತು. ಬಾರ್ಜ್ ಅಲೆಯ ನಡುವೆ ಈ ನಾಲ್ಕು ಕಿ.ಮೀ. ವ್ಯತ್ಯಾಸ ಎಷ್ಟು ದೊಡ್ಡದು ಎಂದು ಬೆನ್ನು ನೋವಿದ್ದವರನ್ನು ಕೇಳಿ.

ಮೂರು ರೆಕ್ಕೆಯೋ, ನಾಲ್ಕೋ

ಮೂರು ರೆಕ್ಕೆಯದ್ದು ನೀರನ್ನು ಉಜ್ಜುವುದು ಕಡಿಮೆ, ಹಾಗಾಗಿ ಗರಿಷ್ಠ ವೇಗ ಅದರದ್ದೇ. ನಾಲ್ಕು ರೆಕ್ಕೆಯದ್ದಕ್ಕೆ ಹಿಡಿತ ಜಾಸ್ತಿ. ತಿರುವಿನಲ್ಲಿ ಗಾಳಿ ಎಳೆದುಕೊಳ್ಳುವುದು ಕಡಿಮೆ, ಅದುರುವುದು ಕಡಿಮೆ, ಹಿಂಭಾಗ ಎತ್ತಿ ಹಿಡಿಯುತ್ತದೆ. ಅದೇ ಪಿಚ್‌ನಲ್ಲಿ ಮೂರರಿಂದ ನಾಲ್ಕಕ್ಕೆ ಹೋದರೆ 50ರಿಂದ 100 ಆರ್‌ಪಿಎಂ ಬೀಳುತ್ತದೆ. ಅದಕ್ಕೇ ಒಂದು ಇಂಚು ಪಿಚ್ ಇಳಿಸಿ ತೆಗೆದುಕೊಳ್ಳುವುದು ವಾಡಿಕೆ. ನಾನೂ ಹಾಗೇ ಮಾಡಿದ್ದು.

ನನ್ನ ಮತ ನಾಲ್ಕಕ್ಕೇ. ಕುಂಬಾರ್ಜುವಾ ಕಾಲುವೆಯಲ್ಲಿ, ದಿವಾರ್ ದ್ವೀಪದ ಸುತ್ತ, ಸಾಳ್ ನದಿಯ ತಿರುವುಗಳಲ್ಲಿ 50 ಕಿ.ಮೀ. ವೇಗದಲ್ಲಿ ಓಡಿಸುವ ಜಾಗ ಎಲ್ಲಿದೆ? ಓಡಿಸಲೂ ಬಾರದು. ಬಲೆ ಬಿಡುತ್ತಿರುವ ಸಣ್ಣ ದೋಣಿಗಳು ಪಕ್ಕದಲ್ಲೇ ಇರುತ್ತವೆ. ಅಗ್ವಾದ ಕೋಟೆಯ ಆಚೆ ಸಮುದ್ರಕ್ಕೆ ಹೋಗುವವರು, ಒಬ್ಬರೋ ಇಬ್ಬರೋ ಇದ್ದು ದೂರ ಓಡುವವರು ಮೂರು ರೆಕ್ಕೆಯಲ್ಲೇ ಇರಲಿ. ಒಂದೇ ಸಮ ಓಡುವಾಗ ಪೆಟ್ರೋಲ್ ಸ್ವಲ್ಪ ಉಳಿಯುತ್ತದೆ.

ಅಲ್ಯೂಮಿನಿಯಂ ಅಥವಾ ಸ್ಟೀಲ್

ಇಲ್ಲಿ ಜಗಳ ಜಾಸ್ತಿ. ಸ್ಟೀಲ್ ಗಟ್ಟಿ ಲೋಹ, ಹಾಗಾಗಿ ರೆಕ್ಕೆಯನ್ನು ತೆಳುವಾಗಿ ಮಾಡಬಹುದು. ತೆಳು ರೆಕ್ಕೆ ನೀರನ್ನು ಚೆನ್ನಾಗಿ ಸೀಳುತ್ತದೆ. ಪೂರ್ತಿ ಥ್ರಾಟಲ್‌ನಲ್ಲೂ ಬಾಗುವುದಿಲ್ಲ. ಅಲ್ಯೂಮಿನಿಯಂ ರೆಕ್ಕೆ ಹೊರೆ ಬಿದ್ದಾಗ ಚೂರು ಬಾಗುತ್ತದೆ, ಆ ಬಾಗುವಿಕೆಯಲ್ಲೇ ಸ್ವಲ್ಪ ವೇಗ ಸೋರಿಹೋಗುತ್ತದೆ. 150 ಎಚ್‌ಪಿ ಮೇಲಿನ ಇಂಜಿನ್ನಿಗೆ ಸ್ಟೀಲೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಬಾಸ್ ಬೋಟಿನವರು ಸ್ಟೀಲ್ ಬಿಟ್ಟು ಬೇರೆ ಮಾತಾಡದಿರುವುದು ಅದಕ್ಕೇ. ಬೆಲೆ ಮಾತ್ರ ಅಲ್ಯೂಮಿನಿಯಂನ ಕೆಲವು ಪಟ್ಟು.

ಈಗ ನಮ್ಮ ನದಿಯ ತಳ ನೆನಪಿಸಿಕೊಳ್ಳಿ. ಚಿಕಾಲಿಂ ಕಡೆ ಸುಕತಿಯಲ್ಲಿ ಬಂಡೆಗೆ ತಾಗಿಸದೆ ವರ್ಷ ಕಳೆದವರು ಯಾರು? ಅಲ್ಯೂಮಿನಿಯಂ ಬಂಡೆಗೆ ಬಡಿದರೆ ತಾನೇ ಮುರಿಯುತ್ತದೆ, ಏಟನ್ನು ತಾನೇ ನುಂಗಿಕೊಳ್ಳುತ್ತದೆ. ಸ್ಟೀಲ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಏಟು ಒಳಗೆ ಶಾಫ್ಟ್‌ಗೆ, ಗೇರ್‌ಗೆ ಹೋಗುವ ಅಪಾಯ ಹೆಚ್ಚು. ಫ್ಯಾನ್ ನಡುವಿನ ರಬ್ಬರ್ ಹಬ್ ಇರುವುದೇ ಈ ಏಟು ತಡೆಯಲು, ನಿಜ. ಆದರೆ ಅದಕ್ಕೂ ಮಿತಿ ಇದೆ. ಮರಳಿಗೆ ತಾಗಿದರೆ ಲೆಕ್ಕ ತಿರುಗುಮುರುಗು. ಮರಳು ಅಲ್ಯೂಮಿನಿಯಂನ ಅಂಚನ್ನು ಗರಗಸದ ಹಲ್ಲಿನ ಹಾಗೆ ತಿಂದುಹಾಕುತ್ತದೆ. ಸ್ಟೀಲ್ ಜಗ್ಗುವುದಿಲ್ಲ.

ಹಾಗಾಗಿ ಕಲ್ಲಿನ ತಳದಲ್ಲಿ ಅಡ್ಡಾಡುವವರಿಗೆ ಅಲ್ಯೂಮಿನಿಯಂ, ಮರಳಿನ ಅಳಿವೆ ದಾಟಿ ಆಳದ ನೀರಿಗೆ ಹೋಗುವವರಿಗೆ ಸ್ಟೀಲ್. ನನ್ನ ಬೋಟಿಗೆ ಅಲ್ಯೂಮಿನಿಯಂ, ಜೊತೆಗೆ ಪೆಟ್ಟಿಗೆಯಲ್ಲಿ ಇನ್ನೊಂದು ಅಲ್ಯೂಮಿನಿಯಂ. ಎರಡೂ ಸೇರಿದರೂ ಒಂದು ಸ್ಟೀಲಿನ ಬೆಲೆ ಆಗಲಿಲ್ಲ. ಪ್ಲಾಸ್ಟಿಕ್ ಜಾತಿಯ ಕಾಂಪೊಸಿಟ್ ಫ್ಯಾನ್‌ಗಳೂ ಇವೆ, ಕೆಲವದರಲ್ಲಿ ಮುರಿದ ರೆಕ್ಕೆ ಒಂದನ್ನೇ ಬದಲಿಸಬಹುದು. ಹೆಚ್ಚುವರಿ ಎಂದು ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಹಬ್ ಬಗ್ಗೆ ಒಂದು ಮಾತು. ಕೊಳ್ಳುವಾಗ ಹಬ್ ಬಿಚ್ಚಿ ಬದಲಿಸಲು ಬರುವಂಥದ್ದನ್ನೇ ಕೇಳಿ. ಒಳಗೇ ಒತ್ತಿ ಕೂರಿಸಿದ ರಬ್ಬರ್ ಜಾರಿದರೆ ಪ್ರೆಸ್ ಇರುವ ವರ್ಕ್‌ಶಾಪ್ ಹುಡುಕಬೇಕು. ಹಬ್ ಜಾರಿದ್ದು ಗೊತ್ತಾಗುವುದು ಹೀಗೆ: ಥ್ರಾಟಲ್ ಕೊಟ್ಟರೆ ಇಂಜಿನ್ ಜೋರಾಗಿ ಕೂಗುತ್ತದೆ, ಬೋಟ್ ಮಾತ್ರ ನಿಂತಲ್ಲೇ. ಗಾಬರಿ ಬೇಡ. ನಿಧಾನವಾಗಿ ಓಡಿಸಿದರೆ ಸಾಮಾನ್ಯವಾಗಿ ದಡದವರೆಗೆ ಎಳೆಯುತ್ತದೆ. ಕುಂಬಾರ್ಜುವಾದಲ್ಲಿ ಹೀಗಾದರೆ ನೀರಿಗಿಳಿದು ನೋಡುತ್ತೇನೆ ಅನ್ನಬೇಡಿ. ಅಲ್ಲಿ ಮೊಸಳೆ ಇದೆ, ತಮಾಷೆಯಲ್ಲ.

ಹೊಸದು ಕೊಳ್ಳುವುದೋ, ಇದ್ದದ್ದನ್ನೇ ತಿದ್ದುವುದೋ

ಬಾಸ್ ಬೋಟಿನವರಿಂದ ನಾನು ನಿಜವಾಗಿ ಕಲಿತದ್ದು ಇಲ್ಲಿ. ಅವರು ಫ್ಯಾನ್ ಬದಲಿಸುವ ಮೊದಲು ಇಂಜಿನ್ ಎತ್ತರ ನೋಡುತ್ತಾರೆ. ಫ್ಯಾನಿನ ಮೇಲೆ ಅಡ್ಡಕ್ಕಿರುವ ಪ್ಲೇಟ್ ಇದೆಯಲ್ಲ, ಬೋಟ್ ಓಡುವಾಗ ಅದು ನೀರಿನ ಮಟ್ಟಕ್ಕೆ ಸರಿಯಾಗಿ ಕಾಣಬೇಕು. ನನ್ನದು ಪೂರ್ತಿ ಮುಳುಗಿತ್ತು. ಇಂಜಿನ್ ಕೂರಿಸುವ ಬೋಲ್ಟಿನ ತೂತುಗಳ ನಡುವೆ ಮುಕ್ಕಾಲು ಇಂಚು ಅಂತರ. ಒಂದೇ ಒಂದು ತೂತು ಮೇಲೆ ಹಾಕಿದೆ. 100 ಆರ್‌ಪಿಎಂ ಹೆಚ್ಚು ಸಿಕ್ಕಿತು, ವೇಗವೂ ಒಂದೂವರೆ ಕಿ.ಮೀ. ಏರಿತು. ಖರ್ಚು ಇಲ್ಲ, ಇಬ್ಬರು ಗಟ್ಟಿಮುಟ್ಟು ಗೆಳೆಯರು, ಒಂದು ಚೈನ್ ಬ್ಲಾಕ್, ಆಮೇಲೆ ಅವರಿಗೆ ಮಧ್ಯಾಹ್ನದ ಊಟ. ಮೇಲಿನ ಮೂರು ಫ್ಯಾನ್‌ಗಳ ಅಂಕಿ ಎಲ್ಲ ಇದಕ್ಕೂ ಮೊದಲಿನವು. ಇಂಜಿನ್ ಏರಿಸಿ ಇಳಿಸುವ ಜ್ಯಾಕ್ ಪ್ಲೇಟ್ ಇದ್ದವರಿಗೆ ಇದು ಇನ್ನೂ ಸಲೀಸು, ಕಾಲು ಕಾಲು ಇಂಚಿನಷ್ಟು ಏರಿಸಿ ನೋಡಬಹುದು. ತಂಪು ಮಾಡುವ ನೀರು ಹೊರಗೆ ಚಿಮ್ಮುವುದು ಸಣ್ಣಗಾದರೆ ಮಾತ್ರ ತಕ್ಷಣ ಕೆಳಗಿಳಿಸಬೇಕು. ಇಂಜಿನ್ನಿಗೆ ನೀರು ಸಾಲುತ್ತಿಲ್ಲ ಎಂದೇ ಅದರ ಅರ್ಥ.

ಇನ್ನೊಂದು ಕಪ್ಪಿಂಗ್. ರೆಕ್ಕೆಯ ಹಿಂದಿನ ಅಂಚನ್ನು ಚಮಚದ ತುದಿಯ ಹಾಗೆ ಸ್ವಲ್ಪ ಒಳಕ್ಕೆ ಬಗ್ಗಿಸುವುದು. ನೀರಿನ ಹಿಡಿತ ಹೆಚ್ಚುತ್ತದೆ, ಗಾಳಿ ಎಳೆಯುವುದು ಕಡಿಮೆಯಾಗುತ್ತದೆ, ಇಂಜಿನ್ ಇನ್ನಷ್ಟು ಎತ್ತರಿಸಲೂ ಬರುತ್ತದೆ. ಬದಲಿಗೆ 150ರಿಂದ 200 ಆರ್‌ಪಿಎಂ ಇಳಿಯುತ್ತದೆ, ಅಂದರೆ ಪಿಚ್ ಒಂದು ಇಂಚು ಏರಿಸಿದ ಹಾಗೆ. ಇಂಜಿನ್ ಮಿತಿ ಮೀರಿ ತಿರುಗುತ್ತಿದ್ದವರಿಗೆ ಹೊಸ ಫ್ಯಾನಿಗಿಂತ ಇದು ಅಗ್ಗ. ಆದರೆ ಅಳತೆಯ ಬ್ಲಾಕ್ ಇಟ್ಟು ಮೂರೂ ರೆಕ್ಕೆ ಒಂದೇ ಸಮ ಮಾಡುವವರ ಕೈಗೇ ಕೊಡಬೇಕು. ಸುತ್ತಿಗೆಯಲ್ಲಿ ಅಂದಾಜಿಗೆ ಬಡಿದರೆ ಮೂರು ರೆಕ್ಕೆಗೆ ಮೂರು ಪಿಚ್ ಆಗುತ್ತದೆ, ಬೋಟ್ ನಡುಗುತ್ತದೆ. ಅಂಚಿನ ಸಣ್ಣ ಗಾಯಗಳನ್ನು ಮಾತ್ರ ನೀವೇ ಅರದಿಂದ ಉಜ್ಜಿ ನಯ ಮಾಡಿಕೊಳ್ಳಬಹುದು.

ರೆಕ್ಕೆ ಹಿಂದಕ್ಕೆ ವಾಲಿರುವ ಕೋನಕ್ಕೆ ರೇಕ್ ಎನ್ನುತ್ತಾರೆ. ಬಾಸ್ ಬೋಟ್ ಫ್ಯಾನ್‌ಗಳಲ್ಲಿ ಅದು ಜಾಸ್ತಿ, 20 ಡಿಗ್ರಿ ದಾಟಿದ್ದೂ ಉಂಟು. ಮುಂದೆ ಎಲೆಕ್ಟ್ರಿಕ್ ಮೋಟರ್ ಹೊತ್ತ ಭಾರದ ಮೂತಿಯನ್ನು ಎತ್ತಲು ಅದು ಬೇಕು. ನಮ್ಮ ಹಗುರ ಫೈಬರ್ ಬೋಟಿಗೆ ಹಾಕಿದರೆ ಮೂತಿ ಏಳುತ್ತಾ ಬೀಳುತ್ತಾ ಕುದುರೆ ಸವಾರಿ ಶುರುವಾಗುತ್ತದೆ. ಅವರ ಫ್ಯಾನ್‌ಗಳಲ್ಲಿ ಹಬ್ ಪಕ್ಕ ಸಣ್ಣ ತೂತುಗಳೂ ಇರುತ್ತವೆ. ಹೊರಡುವಾಗ ಹೊಗೆಯ ಗುಳ್ಳೆ ಅಲ್ಲಿಂದ ರೆಕ್ಕೆಯ ಹಿಂದೆ ಸೇರಿ ನೀರು ಸಡಿಲವಾಗುತ್ತದೆ, ಇಂಜಿನ್ ಬೇಗ ವೇಗ ಹಿಡಿಯುತ್ತದೆ. ಬೋಟ್ ಓಡಲು ಶುರುವಾದ ಮೇಲೆ ತೂತಿನ ಮೇಲೆ ನೀರೇ ಹರಿಯುವುದರಿಂದ ಗುಳ್ಳೆ ನಿಲ್ಲುತ್ತದೆ. ಜಾಣ ಉಪಾಯ. 60 ಎಚ್‌ಪಿಗೆ ಅದರ ಅಗತ್ಯ ನನಗಂತೂ ಬಿದ್ದಿಲ್ಲ.

ತಿರುವಿನಲ್ಲಿ ಇಂಜಿನ್ ಒಮ್ಮೆಲೇ ಕೂಗಿದರೆ ಎಲ್ಲರೂ 'ಕ್ಯಾವಿಟೇಷನ್' ಎನ್ನುತ್ತಾರೆ. ಹೆಚ್ಚಿನ ಸಲ ಅದು ಅಲ್ಲ. ಮೇಲಿನ ಗಾಳಿಯನ್ನು ಫ್ಯಾನ್ ಎಳೆದುಕೊಂಡಿರುತ್ತದೆ ಅಷ್ಟೇ. ಟ್ರಿಮ್ (ಇಂಜಿನ್ ವಾಲಿರುವ ಕೋನ) ಕೆಳಗಿಳಿಸಿದರೆ ಇಲ್ಲವೇ ಇಂಜಿನ್ ಎತ್ತರ ಇಳಿಸಿದರೆ ಸರಿಹೋಗುತ್ತದೆ. ನಿಜವಾದ ಕ್ಯಾವಿಟೇಷನ್‌ನಲ್ಲಿ ಒತ್ತಡ ಕುಸಿದು ನೀರೇ ಆವಿಯಾಗಿ ಗುಳ್ಳೆ ಒಡೆಯುತ್ತದೆ, ರೆಕ್ಕೆಯ ಮೇಲೆ ಸುಟ್ಟ ಹಾಗೆ ಸಣ್ಣ ಸಣ್ಣ ಕುಳಿ ಬೀಳುತ್ತವೆ. ಫ್ಯಾನ್ ಬಿಚ್ಚಿದಾಗ ಬೆರಳಾಡಿಸಿ ನೋಡಿ.

ಸಣ್ಣ 9.9 ಎಚ್‌ಪಿ ಇಂಜಿನ್ನಿನ ದೋಣಿ ಇದ್ದವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ದೋಣಿ ಭಾರವಾಗಿದ್ದರೆ ವ್ಯಾಸ ಜಾಸ್ತಿ, ಪಿಚ್ ಕಡಿಮೆ ಇರುವ ಫ್ಯಾನ್ ಹಾಕಿ, ಆಯಿತು.

ಬಿಚ್ಚುವಾಗ, ಹಾಕುವಾಗ

ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ನಿಷೇಧದ ಕಾಲದಲ್ಲಿ ನಮ್ಮ ಬೋಟ್ ಕೂಡ ದಡದ ಮೇಲೇ ಇರುತ್ತದೆ. ಫ್ಯಾನ್ ಬಿಚ್ಚಲು ಅದೇ ಒಳ್ಳೆಯ ಹೊತ್ತು. ಕಿಲ್ ಸ್ವಿಚ್ ಕೀ ತೆಗೆದು, ನ್ಯೂಟ್ರಲ್‌ಗೆ ಹಾಕಿ, ರೆಕ್ಕೆಗೂ ಪ್ಲೇಟಿಗೂ ನಡುವೆ ಮರದ ತುಂಡು ಸಿಕ್ಕಿಸಿ ನಟ್ ಬಿಚ್ಚಬೇಕು. ಶಾಫ್ಟ್‌ಗೆ ಉಪ್ಪುನೀರಿಗೆ ನಿಲ್ಲುವ ಗ್ರೀಸ್ ಹಚ್ಚದೆ ಹಾಕಿದರೆ ಮುಂದಿನ ವರ್ಷ ಫ್ಯಾನ್ ಹೊರಗೆ ಬರುವುದಿಲ್ಲ, ಸುತ್ತಿಗೆ ಏಟಿಗೂ ಬಗ್ಗುವುದಿಲ್ಲ. ಸ್ಟೀಲ್ ಫ್ಯಾನ್ ಹಾಕಿದವರು ಸತುವಿನ ಆನೋಡ್ ಅನ್ನು (ಇಂಜಿನ್ ಬದಲು ತಾನು ಸವೆಯುವ ಲೋಹದ ತುಂಡು) ಇನ್ನೂ ಹೆಚ್ಚು ಸಲ ನೋಡುತ್ತಿರಬೇಕು. ಅರ್ಧ ಸವೆದಿದ್ದರೆ ಬದಲಿಸಿ, ಇಲ್ಲದಿದ್ದರೆ ಉಪ್ಪುನೀರು ಇಂಜಿನ್ನಿನ ಅಲ್ಯೂಮಿನಿಯಂ ತಿನ್ನಲು ಶುರುಮಾಡುತ್ತದೆ. ಬೋಟಿನ ತಳಕ್ಕೆ ಹತ್ತಿದ ಚಿಪ್ಪನ್ನೂ ಆಗಲೇ ಕೆರೆದುಬಿಡಿ. ಚಿಪ್ಪು ಹತ್ತಿದ ತಳ ಇಟ್ಟುಕೊಂಡು ಫ್ಯಾನಿನ ಲೆಕ್ಕ ಹಾಕಿದರೆ ಅಂಕಿಗಳೆಲ್ಲ ಸುಳ್ಳು.

ಫ್ಯಾನ್ ಹೊರಬಂದ ಮೇಲೆ ಅದರ ಹಿಂದಿನ ದಪ್ಪ ವಾಷರ್ ತೆಗೆದು ನೋಡಿ. ಹೋದ ವರ್ಷ ನನಗೆ ಅಲ್ಲಿ ಎರಡು ಮಾರು ಗಾಳದ ಬ್ರೇಡ್ ದಾರ ಸಿಕ್ಕಿತು, ಆಯಿಲ್ ಸೀಲ್ ಕತ್ತರಿಸಲು ಇನ್ನೇನು ಕೂದಲೆಳೆ ಬಾಕಿ ಇತ್ತು. ದಾರದ ಬಣ್ಣ ನೋಡಿದೆ. ನನ್ನದೇ.